ನಾಲ್ಕು ನಿಮಿಷದ ದಾರಿ

ನನಗೆ ಮರೆವು ಎನ್ನುವವರು ಮೊದಲು ಬಾಯಿ ಮುಚ್ಚಿಕೊಳ್ಳಿ. ಮೈಸೂರು ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗಿ ಸೀಟು ಕೊಡುತ್ತಿದ್ದವನು ನಾನು, ನೀವಲ್ಲ. ಕಲಬುರಗಿಗೆ ನೆಟ್ಟಗೆ ಹಾರಿದರೂ ಐನೂರ ಅರವತ್ತು ಕಿಲೋಮೀಟರ್. ಇಲ್ಲಿ ಮೇಲೆದ್ದ ವಿಮಾನ ನಾಲ್ಕನೆಯ ನಿಮಿಷಕ್ಕೆ ಅಲ್ಲಿ ಇಳಿಯುತ್ತಿತ್ತು. ಹತ್ತಲ್ಲ, ಏಳೂ ಅಲ್ಲ, ನಾಲ್ಕು.

ವಿಮಾನದ ವೇಗ ಹೆಚ್ಚಿತ್ತು ಎಂದುಕೊಳ್ಳಬೇಡಿ. ವೇಗ ಹಿಂದಿನಷ್ಟೇ. ಎರಡೂ ಊರುಗಳಲ್ಲಿ ನಿಲ್ಲಿಸಿದ್ದ ಕಂಬಗಳು ನಡುವಿನ ಆಕಾಶವನ್ನು ಸೀರೆಯ ನೆರಿಗೆಯಂತೆ ಒತ್ತಿ ಹಿಡಿಯುತ್ತಿದ್ದವು. ವಿಮಾನ ಒಂದು ನೆರಿಗೆಯ ತುದಿಯಿಂದ ಮುಂದಿನದರ ತುದಿಗೆ ದಾಟುತ್ತಿತ್ತು. ಇದಕ್ಕೆ ವ್ಯೋಮನೆರಿಗೆ ಎಂದು ಹೆಸರು. ಕಂಡುಹಿಡಿದವರು ಡಾ. ಯದುಗಿರಿ. ತಿಂಗಳಿಗೊಮ್ಮೆ ಕಂಬ ಪರೀಕ್ಷಿಸಲು ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ನೀಲಾಂಬಿಕಾ ಎಂಬ ಹೆಂಗಸು ಬಂದರು. ಕಲಬುರಗಿಯ ಮಗಳು, ಮೈಸೂರಿನ ಸೊಸೆ. ತಕ್ಕಡಿಯ ಮೇಲಿಟ್ಟ ಬುಟ್ಟಿಯಲ್ಲಿ ದಪ್ಪನೆಯ ಗುಲಾಬಿ ಹಾರ.

"ಮದುವೆಗಾ?" ಯದುಗಿರಿ ಕೇಳಿದರು.

"ಅಲ್ರಿ. ನಮ್ಮಪ್ಪ ಹೋದ್ರು. ಅಪ್ಪಗ ಸ್ವಲ್ಪ ಸೀರಿಯಸ್ ಅದ, ಹೊಂಟು ಬಾ ಅಂತ ಮುಂಜಾನಿ ಒಂಬತ್ತಕ್ಕ ತಮ್ಮ ಫೋನ್ ಮಾಡಿದ್ದ."

"ಸೀರಿಯಸ್ ಅಂದ್ರೆ ಬದುಕಿದ್ದಾರೆ ಅಂತ ಅಲ್ವೇನಮ್ಮ?"

"ನಿಮಗ ತಿಳ್ಯಂಗಿಲ್ಲ ಬಿಡ್ರಿ. ನಮ್ಮವ್ವ ಹೋದಾಗೂ ಸೀರಿಯಸ್ ಅಂದ್ರು, ಕಾಕಾ ಹೋದಾಗೂ ಸೀರಿಯಸ್ ಅಂದ್ರು. ದಾರ್ಯಾಗ ಎದಿ ಒಡೀಬಾರ್ದು ಅಂತ ಹಂಗ ಹೇಳ್ತಾರ."

ತಿರುಗಿ ಕೇಳುವ ಪದ್ಧತಿಯೂ ಇಲ್ಲ. ಕೇಳಿದರೆ ಹೇಳುವವನ ಬಾಯಿಂದ ಸಾವಿನ ಮಾತು ಹೊರಡಿಸಿದಂತೆ. ಆಕೆ ಅತ್ತು, ಸ್ನಾನ ಮಾಡಿ, ಮಾರುಕಟ್ಟೆಗೆ ಹೋಗಿ ಹಾರ ಕಟ್ಟಿಸಿಕೊಂಡು ಬಂದಿದ್ದರು.

"ಗಂಟೆಗೊಂದು ವಿಮಾನ ಇದೆ. ನಾಲ್ಕು ಬಿಟ್ಟಿದ್ದೀರಲ್ಲ!" ಎಂದರು ಯದುಗಿರಿ.

"ಹೋದವ್ರಿಗಿ ಏನ್ ಅವಸರ್ರಿ?"

ಯದುಗಿರಿ ಮೆಲ್ಲಗೆ, "ಅಮ್ಮಾ, ಆಗೆಲ್ಲ ಒಂದು ರಾತ್ರಿಯ ದಾರಿ. ನಾಲ್ಕು ನಿಮಿಷದ ದಾರಿಗೆ ನಿಮ್ಮ ತಮ್ಮ ಯಾಕೆ ಸುಳ್ಳು ಹೇಳ್ತಾರೆ?" ಎಂದರು.

ಬುಟ್ಟಿ ತಕ್ಕಡಿಯ ಮೇಲೇ ಉಳಿಯಿತು. ಆಕೆ ಓಡಿದರು.

ಮುಂದಿನದು ಆಕೆಯೇ ಆಮೇಲೆ ನನಗೆ ಹೇಳಿದ್ದು. ಮನೆಯ ಬಾಗಿಲಲ್ಲೇ ತಮ್ಮ ಬಂಡೆಪ್ಪ ಹರಿಹಾಯ್ದ: "ಎಲ್ಲಿ ಸತ್ತಿದ್ದೆಕ್ಕಾ? ಹನ್ನೊಂದರ ತನಾ ಚಲೋ ಮಾತಾಡ್ಯಾನ. ನೀಲಾ ಬಂದ್ಳೇನು ಅಂತ ಎರಡು ಸಲ ಕೇಳ್ಯಾನ."

ಅಪ್ಪನಿಗೆ ಉಸಿರಿತ್ತು, ಮಾತಿರಲಿಲ್ಲ. ಮಗಳ ಕೈಯನ್ನು ಒಮ್ಮೆ ಒತ್ತಿದರು. ಎರಡೂವರೆಗೆ ಉಸಿರೂ ನಿಂತಿತು.

ಇತ್ತ ಮೈಸೂರಿನಲ್ಲಿ ಕಾಲೇಜಿಗೆ ಹೋಗಿದ್ದ ಆಕೆಯ ಮಗಳು ಇಂಚರಾಗೆ ಹೇಳಬೇಕಲ್ಲ. ಅಜ್ಜನೆಂದರೆ ಆ ಹುಡುಗಿಗೆ ಪ್ರಾಣ. ನೆರಿಗೆ ದಾಟುವಾಗ ತಲೆ ಸುತ್ತುವವರಿಗಾಗಿ ಸಂಜೆ ಐದಕ್ಕೆ ಒಂದು ಹಳೆಯ ವಿಮಾನ ಇನ್ನೂ ಹಾರುತ್ತಿತ್ತು, ಒಂದೂವರೆ ಗಂಟೆಯ ಹಾದಿ. ನೀಲಾಂಬಿಕಾ ಮಗಳಿಗೆ ಫೋನ್ ಮಾಡಿ, ಸಾವಿನ ಮಾತೆತ್ತದೆ, ಅದಕ್ಕೇ ಬರಹೇಳಿದರು.

ಹುಡುಗಿ ನನ್ನ ಮುಂದೆ ಚೀಲ ಇಟ್ಟು ಗೊಣಗಿದಳು: "ನಾಲ್ಕು ನಿಮಿಷದ್ದು ಬಿಟ್ಟು ಇದರಲ್ಲಿ ಬಾ ಅಂತಾರೆ ನಮ್ಮಮ್ಮ. ಕಿಟಕಿ ಪಕ್ಕ ಕೂತ್ಕೋಬೇಕಂತೆ. ಅಜ್ಜ ಹೇಗಿದ್ದಾರೆ ಅಂತ ಮಾತ್ರ..."

ಅಲ್ಲಿಗೆ ನಿಂತಳು. ನನ್ನ ಮುಖ ನೋಡಿದಳು. ನಾನು ತಕ್ಕಡಿ ನೋಡಿದೆ.

"ಕಿಟಕಿ ಪಕ್ಕದ್ದೇ ಕೊಡಿ ಅಂಕಲ್" ಎಂದಳು.

ಆ ಹಳೆಯ ವಿಮಾನವನ್ನು ನಿಲ್ಲಿಸಬೇಕೆಂದಿದ್ದ ಕಂಪನಿ ಎರಡೇ ವರ್ಷದಲ್ಲಿ ಅಂಥವು ದಿನಕ್ಕೆ ಮೂರು ಹಾರಿಸಬೇಕಾಯಿತು. ಸಾವಾದ ಮನೆಯವರೆಲ್ಲ ದೂರದವರಿಗೆ ಅದರಲ್ಲೇ ಕಿಟಕಿ ಪಕ್ಕ ಕೂತು ಬಾ ಎನ್ನತೊಡಗಿದ್ದರು. ಕಂಪನಿಗೆ ಮಾತ್ರ ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ದೂರದಲ್ಲಿ ಯಾರಾದರೂ ಇರುವವರಿಗೆ ನನ್ನ ಈ ವಾಯ್ಸ್ ಮೆಸೇಜನ್ನು ದಾಟಿಸಿ. ಪೂರ್ತಿ ಕೇಳಿಸಿ, ನಡುವೆ ಕತ್ತರಿಸಿದರೆ ನೋಡಿ!