ಮೇಷ್ಟ್ರ ಶರ್ಟಿನ ಕೊರಳಗುಂಡಿ

ಅದೇ ಬಿಳಿ ಶರ್ಟು ಮೂರನೇ ಸಲ ನಮ್ಮಂಗಡಿಯ ಮೆಟ್ಟಿಲು ಹತ್ತಿತು. ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು, ಕದ್ದ ಮಾಲಿನ ಹಾಗೆ, ಶಾಕಿರ್ ಮೇಷ್ಟ್ರ ಕಂಕುಳಲ್ಲಿ.

“ಸಲಾಂ, ಉಸ್ತಾ ಮಿತ್ವಲ್ಲಿ,” ಎಂದರು ನನ್ನಪ್ಪನಿಗೆ; ಪಳಗಿದ ಕಸುಬುದಾರರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲವೆಂದು ನನಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ.

“ಮತ್ತೇನಾಯ್ತು ಮೇಷ್ಟ್ರೇ?”

“ಏನೂ ಇಲ್ಲ. ಶರ್ಟು ತುಂಬಾ ಚೆನ್ನಾಗಿದೆ. ದೇವರು ನಿಮ್ಮ ಕೈಗೆ ಬರಕತ್ತು ಕೊಡ್ಲಿ. ಸ್ವಲ್ಪ... ಕೊರಳ ಹತ್ರ...”

“ಬಿಗಿಯಾ?”

“ಯಾವಾಗ್ಲೂ ಅಲ್ಲ. ಒಮ್ಮೊಮ್ಮೆ.”

ಒಮ್ಮೊಮ್ಮೆ! ಮೊದಲ ಸಲವೂ ಇದೇ ಮಾತು, ಎರಡನೇ ಸಲವೂ ಇದೇ ಮಾತು. ನಾನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. ಮನುಷ್ಯನ ಕೊರಳೇನು ಸಮುದ್ರವೇ, ಹೊತ್ತು ನೋಡಿಕೊಂಡು ಉಬ್ಬಿ ಇಳಿಯಲು?

ತಂತಾ ಊರಿನ ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಅಪ್ಪನ ಹೆಸರು. ಎರಡು ವರ್ಷದಿಂದ ಅಪ್ಪನ ಕಣ್ಣು ಮಂಜಾಗಿದೆ, ಬಟ್ಟೆ ಕತ್ತರಿಸುವವಳು ನಾನು ಎಂಬುದು ಯಾರಿಗೂ ಗೊತ್ತಿಲ್ಲ. ಗಂಡಸರ ಅಳತೆಯನ್ನು ಅಪ್ಪನೇ ತೆಗೆಯುತ್ತಾರೆ. ಟೇಪು ಸುತ್ತಿ, ಸರಿಯಾದ ಜಾಗಕ್ಕೆ ಹೆಬ್ಬೆರಳು ಒತ್ತಿ, ನನ್ನ ಕಡೆ ಹಿಡಿಯುತ್ತಾರೆ. ನಾನು ಸಂಖ್ಯೆ ಓದಿ ಬರೆದುಕೊಳ್ಳುತ್ತೇನೆ. ಹೀಗೆ ಒಂದು ಕೊರಳನ್ನೂ ಮುಟ್ಟದೆ ಬೀದಿಯ ಅಷ್ಟೂ ಕೊರಳುಗಳ ಅಳತೆ ನನ್ನ ಬಾಯಲ್ಲಿದೆ. ಇದೊಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ.

ಅಪ್ಪ ನನ್ನ ಕಡೆ ಬಾಗಿ, ನನಗಷ್ಟೇ ಕೇಳುವ ಹಾಗೆ ಹೇಳಿದರು. “ರಾವಿಯಾ, ಇದನ್ನ ಸರಿಮಾಡಿ ಕೊಡು. ಆಮೇಲೂ ವಾಪಸ್ ಬಂತು ಅಂದ್ರೆ ಕತ್ತರಿ ಕೆಳಗಿಡೋಣ ಮಗಳೇ. ಅಂಗಡಿ ಶೌಕಿ ನೋಡ್ಕೊಳ್ಳಲಿ.”

ಶೌಕಿ ನನ್ನ ಚಿಕ್ಕಪ್ಪನ ಮಗ. ಅವನಿಗೆ ಕತ್ತರಿಯೇ ಬೇಡ. ಗೋಡೆ ತುಂಬ ರೆಡಿಮೇಡ್ ಶರ್ಟು ನೇತುಹಾಕುವುದೇ ಅವನ ಆಸೆ.

ನಾನು ಶರ್ಟನ್ನು ಬೆಳಕಿಗೆ ಹಿಡಿದೆ. ಕೊರಳಗುಂಡಿಯ ದಾರ ಎಳೆಎಳೆಯಾಗಿ ಹರಿದಿತ್ತು. ಬಲಗಡೆಯ ಕಂಕುಳಿನಿಂದ ಎದೆಯವರೆಗೆ ಓರೆಯಾಗಿ ಸುಕ್ಕು. ಎಡಗಡೆ ಒಂದು ಗೆರೆಯೂ ಇಲ್ಲ.

“ಮೇಷ್ಟ್ರೇ, ನೀವು ಬರೆಯೋದು ಬೋರ್ಡಿನ ಮೇಲೋ, ಸೂರಿನ ಮೇಲೋ?”

ಅವರ ಕಿವಿ ಕೆಂಪಾಯಿತು. “ಶಾಲೇಲಿ ಅಲ್ಲ. ಮೌಲಿದ್ ಹಬ್ಬದ ಚಪ್ಪರದಲ್ಲಿ... ಪ್ರವಾದಿಯವರ ಸ್ತುತಿ ಹಾಡ್ತೀನಿ. ಹಾಡೋವಾಗ ಕೈ ಕಿವಿಗೆ ಹೋಗುತ್ತೆ.”

“ಇದನ್ನ ಮೊದಲ್ನೇ ದಿನ ಹೇಳೋಕೇನಾಗಿತ್ತು?”

“ನೀವು ಕೇಳ್ಲಿಲ್ಲ.”

“ಹಾಡ್ತೀರೇನು ಅಂತ ಕೇಳಿ ಶರ್ಟು ಹೊಲಿಯೋದನ್ನ ನನಗ್ಯಾರೂ ಕಲಿಸಿಲ್ಲ!”

“ಬೈಬೇಡ ಕಣೇ,” ಎಂದರು ಅಪ್ಪ, ನಗು ನುಂಗುತ್ತಾ.

“ಎಲ್ಲಾ ಕಡೆ ಸಡಿಲ ಮಾಡಿಬಿಡಿ, ಸಾಕು,” ಎಂದರು ಮೇಷ್ಟ್ರು, ನೆಲ ನೋಡುತ್ತಾ.

“ಸಡಿಲ ಮಾಡಿದ್ರೆ ನೀವು ಕೈ ಎತ್ತಿದಾಗ ಇಡೀ ಶರ್ಟು ಜೊತೆಗೇ ಎದ್ದು ಬರುತ್ತೆ, ಹೊಟ್ಟೆ ಊರಿಗೆಲ್ಲ ಕಾಣುತ್ತೆ. ಕಂಕುಳನ್ನ ಇನ್ನೂ ಮೇಲಕ್ಕೆ ಕತ್ತರಿಸ್ಬೇಕು. ಹೊಸಾದೇ ಆಗ್ಬೇಕು. ಅಪ್ಪಾ, ಟೇಪು ಹಾಕಿ. ಮೇಷ್ಟ್ರೇ, ಹಾಡಿ.”

“ಇಲ್ಲೇನಾ?”

“ಮತ್ತೇನು, ಚಪ್ಪರ ಹಾಕಿಸ್ಲಾ?”

ಅವರು ಕಣ್ಣು ಮುಚ್ಚಿದರು. ಬಲಗೈ ಕಿವಿಗೆ ಹೋಯಿತು.

*ಬಾಗಿಲ ಬಳಿ ನಿಂತಿರುವೆ, ಬಡಿವ ಧೈರ್ಯವಿಲ್ಲ;*
*ಬಾಗಿಲೇ, ನೀನೇ ಒಳಗೆ ನನ್ನ ಹೆಸರು ಹೇಳು.*

ನಾನು ಅಜ್ಜಿಯ ಮಡಿಲಲ್ಲಿ ಇಂಥ ಸಾಲುಗಳನ್ನು ಕೇಳುತ್ತಲೇ ಬೆಳೆದವಳು. ಹಾಡುವವರಲ್ಲಿ ಹೆಚ್ಚಿನವರು ಹಾಡಿನ ಸಾಲಿಗಿಂತ ತಾವೇ ಮುಂದೆ ಬಂದು ನಿಂತುಬಿಡುತ್ತಾರೆ. ಈ ಮನುಷ್ಯ ಪಕ್ಕಕ್ಕೆ ಸರಿದು ಸಾಲಿಗೆ ದಾರಿ ಬಿಟ್ಟರು. ಕೊಡೆಗೆ ಹಿಡಿ ಹಾಕುವ ಎದುರಂಗಡಿಯವನ ಸುತ್ತಿಗೆ ನಿಂತಿತು. ನೆಲ ನೋಡಿಕೊಂಡು ಗೊಣಗುವ ಆ ಗಂಟಲಿನಲ್ಲಿ ಇಷ್ಟು ದೊಡ್ಡ ಬಯಲು ಇಷ್ಟು ದಿನ ಎಲ್ಲಿ ಅಡಗಿತ್ತೋ!

“ಎಷ್ಟು, ಮಗಳೇ?” ಎಂದರು ಅಪ್ಪ.

ನಾನು ನೋಡುತ್ತಿದ್ದೆ, ಟೇಪನ್ನಲ್ಲ.

“ರಾವಿಯಾ! ಓದೇ! ಪಾಪ ಮೇಷ್ಟ್ರ ಉಸಿರು ಮುಗೀತಿದೆ!”

“ನಲವತ್ತೊಂದು,” ಎಂದೆ. ಸುಮ್ಮನಿದ್ದಾಗ ಅದೇ ಕೊರಳು ಮೂವತ್ತೊಂಬತ್ತು. ನನಗೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಇಂಥ ಗಂಟಲಿಟ್ಟುಕೊಂಡು ‘ಒಮ್ಮೊಮ್ಮೆ’ ಅಂತೆ!

ಬಟ್ಟೆ ಗಿರಣಿಗಳ ಊರು ಮಹಲ್ಲಾದಿಂದ ಬಂದ ಒಳ್ಳೇ ಹತ್ತಿಬಟ್ಟೆಯಲ್ಲಿ ಹೊಸದಾಗಿ ಕತ್ತರಿಸಿದೆ. ಭುಜದ ಹೊಲಿಗೆ ಸರಿಯಾಗಿ ಮೂಳೆಯ ತುದಿಗೆ, ಕಂಕುಳು ಎತ್ತರಕ್ಕೆ, ಕೆಳಗಂಚು ನಾಲ್ಕು ಬೆರಳು ಉದ್ದ. ಕೊರಳಗುಂಡಿಗೆ ನಾಲ್ಕೆಳೆ ದಾರ, ಮೇಣ ಸವರಿದ್ದು. ಇದು ಕಿತ್ತರೆ ಬಟ್ಟೆಯನ್ನೂ ಹರಿದುಕೊಂಡೇ ಕೀಳಬೇಕು.

ಗುರುವಾರ ಮೇಷ್ಟ್ರು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಕೈ ಎತ್ತಿ ಎರಡು ಸಾಲು ಹಾಡಿದರು. ಗುಂಡಿ ಮಿಸುಕಲಿಲ್ಲ, ಕೆಳಗಂಚು ಮೇಲೇಳಲಿಲ್ಲ. ಅವರು ಕನ್ನಡಿಯಲ್ಲಿ ಶರ್ಟು ನೋಡಬೇಕಿತ್ತು. ನನ್ನನ್ನು ನೋಡುತ್ತಿದ್ದರು. ನಾನು ದಾರದ ಉಂಡೆಯನ್ನು ಸುಮ್ಮಸುಮ್ಮನೆ ಬಿಚ್ಚಿ ಸುತ್ತಿದೆ.

“ಸರಿಯಾಗಿದೆಯಾ?”

“ಸರಿಯಾಗಿದೆ.”

“ಎಲ್ಲಾ ಕಡೆ?”

“ಎಲ್ಲಾ ಕಡೆ,” ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ಇಂಥ ಶರ್ಟು ಕೊಟ್ಟರೂ ಮುಖ ಇಳಿಬಿಡುವ ಗಿರಾಕಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಶನಿವಾರ ಶೌಕಿ ಬಂದಿದ್ದ. ಸುಮ್ಮನೆ ಬಂದಿದ್ದೇನೆ ಎನ್ನುತ್ತಲೇ ನಮ್ಮ ಗೋಡೆ ಅಳೆಯುತ್ತಿದ್ದ. “ಇಲ್ಲೊಂದು ಸಾಲು, ಅಲ್ಲೊಂದು ಸಾಲು, ದೊಡ್ಡಪ್ಪಾ. ಇನ್ನೂರು ಶರ್ಟು ಆರಾಮಾಗಿ ಹಿಡಿಸುತ್ತೆ.”

ಆಗ ಬಾಗಿಲಲ್ಲಿ ಪತ್ರಿಕೆಯ ಸದ್ದಾಯಿತು.

ಬೇಡ, ಎಂದುಕೊಂಡೆ. ದೇವರೇ, ಇವರಾಗುವುದು ಬೇಡ.

“ಸಲಾಂ ಉಸ್ತಾ. ಶರ್ಟು ತುಂಬಾ ಚೆನ್ನಾಗಿದೆ. ಆದ್ರೆ... ಗುಂಡಿ...”

ಅಪ್ಪ ಮೇಜಿನ ಮೇಲೆ ತಡಕಿ ನನ್ನ ಕತ್ತರಿಯನ್ನು ಕೈಗೆ ತೆಗೆದುಕೊಂಡರು. ಶೌಕಿ ಟೇಪು ಮಡಿಚಿ ಹತ್ತಿರ ಬಂದ. ನನ್ನ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಶರ್ಟು ಕಿತ್ತುಕೊಂಡು ಗುಂಡಿಯಿದ್ದ ಜಾಗ ನೋಡಿದೆ.

ಬಟ್ಟೆ ಹರಿದಿರಲಿಲ್ಲ. ನಾಲ್ಕೂ ಎಳೆ ಒಂದೇ ಸಮ, ಈಗಷ್ಟೇ ಕೊಯ್ದ ಹುಲ್ಲಿನ ಹಾಗೆ.

“ಮೇಷ್ಟ್ರೇ, ಇದು ಕಿತ್ತು ಬಂದಿದ್ದಲ್ಲ.”

ಅವರು ಆ ಹಳೇ ಪತ್ರಿಕೆಯನ್ನು ಮಡಿಚತೊಡಗಿದರು.

“ಬ್ಲೇಡೋ? ಕತ್ತರೀನೋ?”

ಅವರು ಅಪ್ಪನ ಕೈಯ ಕತ್ತರಿ ನೋಡಿದರು, ಶೌಕಿಯ ನಗು ನೋಡಿದರು, ನನ್ನ ಕಣ್ಣು ನೋಡಿದರು. ತಾವು ಏನು ಮಾಡಿಬಿಟ್ಟಿದ್ದೇವೆಂದು ಆಗ ಅವರಿಗೆ ಅರಿವಾಯಿತು. ಮೊಟ್ಟಮೊದಲ ಸಲ, ಗೊಣಗದೆ, ಚಪ್ಪರದ ದನಿಯಲ್ಲಿ ಹೇಳಿದರು.

“ಬ್ಲೇಡು. ಉಸ್ತಾ, ಗುಂಡಿ ಕೊಯ್ದಿದ್ದು ನಾನೇ. ಶರ್ಟಿನಲ್ಲಿ ಒಂದು ತಪ್ಪೂ ಇಲ್ಲ. ಅದೇ ನನ್ನ ಕಷ್ಟ.”

“ಅದೆಂಥ ಕಷ್ಟ?” ಎಂದರು ಅಪ್ಪ.

“ವಾಪಸ್ ಬರೋಕೆ ಕಾರಣಾನೇ ಉಳಿದಿರ್ಲಿಲ್ಲ.”

ಎದುರಂಗಡಿಯ ಸುತ್ತಿಗೆ ಮತ್ತೆ ನಿಂತಿತ್ತು. ಆ ಮುದುಕನಿಗೆ ಕೆಲಸವಿಲ್ಲ.

“ನಿಮ್ಮ ಕಾರಣಕ್ಕೆ ನನ್ನ ಕತ್ತರಿ ಹೋಗ್ತಿತ್ತು!” ಎಂದೆ. “ಈ ಶರ್ಟು ಕತ್ತರಿಸಿದ್ದು ನಾನು. ಅಪ್ಪ ಅಲ್ಲ. ಗೊತ್ತಾ ನಿಮಗೆ?”

“ಅದು ಗೊತ್ತಿತ್ತು. ಹೋಗುತ್ತೆ ಅನ್ನೋದು ಗೊತ್ತಿರ್ಲಿಲ್ಲ.”

“ಹೇಗೆ ಗೊತ್ತಿತ್ತು?”

“ನಾನು ‘ಒಮ್ಮೊಮ್ಮೆ’ ಅಂದಾಗ ಕತ್ತರಿ ಕುಕ್ಕಿದ್ದು ಉಸ್ತಾ ಅಲ್ವಲ್ಲ.”

ನನಗೆ ನಗು ಬಂದುಬಿಟ್ಟಿತು. ಅದಕ್ಕೂ ಸಿಟ್ಟು ಬಂತು.

ಅಪ್ಪ ಶರ್ಟನ್ನು ನನ್ನಿಂದ ತೆಗೆದುಕೊಂಡು ಆ ನಾಲ್ಕು ಎಳೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಬಹಳ ಹೊತ್ತು ಆಡಿಸಿದರು. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟರು, ಹಿಡಿ ನನ್ನ ಕಡೆಗೆ.

“ಶೌಕಿ, ಗೋಡೆ ಅಳೆದಿದ್ದು ಸಾಕು. ಇಲ್ಲಿ ಏನೂ ನೇತಾಡಲ್ಲ. ಎಲ್ಲರ ಮುಂದೇನೇ ಹೇಳ್ತೀನಿ, ಈ ಅಂಗಡೀಲಿ ಕತ್ತರಿಸೋಳು ನನ್ನ ಮಗಳು.” ನಂತರ ಮೇಷ್ಟ್ರ ದನಿ ಬಂದ ದಿಕ್ಕಿಗೆ ತಿರುಗಿದರು. “ನೀವೂ ಬಾಗಿಲ ಬಳಿ ನಿಂತು ಹಾಡಿದ್ದು ಸಾಕು. ಮುಂದಿನ ಸಲ ಶರ್ಟು ತರಬೇಡಿ. ನಿಮ್ಮ ಅಮ್ಮನ್ನ ಕರ್ಕೊಂಡ್ಬನ್ನಿ.”

ಮೇಷ್ಟ್ರು ನನ್ನನ್ನು ನೋಡಿದರು, ಒಪ್ಪಿಗೆ ಕೇಳುವ ಹಾಗೆ.

“ಕತ್ತರಿ ನನ್ನ ಜೊತೇಲೇ ಇರುತ್ತೆ,” ಎಂದೆ.

“ಇರ್ಲಿ. ನನ್ನ ಶರ್ಟು ಬೇರೆ ಯಾರು ಹೊಲೀತಾರೆ?”

ನಾನು ಅಲ್ಲೇ ಕೂತು ಗುಂಡಿ ಹೊಲಿದೆ. ಈ ಸಲ ಆರೆಳೆ.

ಮುಂದಿನ ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಮೇಷ್ಟ್ರ ಜೊತೆ ಅವರ ಅಮ್ಮ ಬಂದರು, ದೊಡ್ಡಮ್ಮ ಬಂದರು, ಎರಡು ಪೆಟ್ಟಿಗೆ ಕಡಲೆ ಮಿಠಾಯಿ ಬಂತು. ಮದುವೆಯ ಮಾತು ಗಟ್ಟಿಮಾಡಲು ಎಲ್ಲರೂ ಅಂಗೈ ಬಿಚ್ಚಿ ಫಾತಿಹಾ ಓದಿದರು. ನಾನು ಶರಬತ್ತಿನ ತಟ್ಟೆ ಹಿಡಿದು, ಓದುತ್ತಲೇ, ಮೇಷ್ಟ್ರ ಕೊರಳನ್ನು ಕಾಯುತ್ತಿದ್ದೆ. ಗುಂಡಿ ಭದ್ರವಾಗಿತ್ತು. ಆಮೀನ್ ಎಂದು ಮುಖ ಸವರಿಕೊಳ್ಳಲು ಕೈ ಎತ್ತಿದಾಗ ಭುಜದ ಹೊಲಿಗೆ ಕೂಡ ಅಲುಗಲಿಲ್ಲ. ಅಲ್‌ಹಮ್ದುಲಿಲ್ಲಾ, ಎಂದುಕೊಂಡೆ.

ತಟ್ಟೆ ಚಾಚಿದಾಗ ಅವರು ಲೋಟ ತೆಗೆದುಕೊಳ್ಳುತ್ತಾ ಬಗ್ಗಿದರು.

“ರಾವಿಯಾ, ಎಲ್ಲಾ ಸರಿಯಾಗಿದೆ. ಸ್ವಲ್ಪ... ಎಡಗಡೆ ತೋಳಿನ ಪಟ್ಟಿ...”

“ಯಾವಾಗ್ಲೂನಾ?”

“ಒಮ್ಮೊಮ್ಮೆ,” ಎಂದರು ಮೇಷ್ಟ್ರು, ನನ್ನನ್ನೇ ನೋಡುತ್ತಾ.