ಮೂರನೆಯ ದಿನದ ಉಣ್ಣೆ

ಚಾರ್ಟಿನ ಮೂಲೆಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಎರಡೇ ಸಾಲು. ‘ಈ ಅಂಕಿಗಳು ಮಗು ಬರೆದವಲ್ಲ. ಶನಿವಾರದ ಪ್ರದರ್ಶನಕ್ಕೆ ಇಡುವುದು ಬೇಡ.’

ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಬಟ್ಟೆ ಹೊಲಿಯುವವಳು. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ನನ್ನ ಜೊತೆಗಿದ್ದಾಳೆ. ಆರನೆಯ ಕ್ಲಾಸು. ಪ್ರಶ್ನೆ ಕೇಳಿ ಕೇಳಿ ಚುಚ್ಚುತ್ತಾಳೆಂದು ಅವಳನ್ನು ಸೂಜಿ ಎಂದೇ ಕರೆಯುತ್ತೇನೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಉಳಿದ ಮಕ್ಕಳೆಲ್ಲ ಜ್ವಾಲಾಮುಖಿ ಮಾಡುತ್ತಿದ್ದರೆ ಇವಳದು ಒಂದೇ ಹಟ. “ಯಾವ ಬಟ್ಟೆ ಬೇಗ ಒಣಗತ್ತೆ ಚಿಕ್ಕಮ್ಮಾ? ನೀನು ಸುಮ್ನೆ ಹೇಳ್ಬೇಡ, ನಾನೇ ನೋಡ್ಬೇಕು.”

ನನ್ನ ಚಿಂದಿ ಬುಟ್ಟಿಯಿಂದ ಐದು ತುಂಡು ಆರಿಸಿದಳು. ಕಾಟನ್, ಟೆರಿಕಾಟ್, ರೇಷ್ಮೆ, ಉಣ್ಣೆ, ಜೀನ್ಸ್. ಒಂದೇ ಅಳತೆಗೆ ಕತ್ತರಿಸಿ, ನೆನೆಸಿ, ಹಿಂಡಿ, ಹಿತ್ತಿಲ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಳು. ಅರ್ಧ ಗಂಟೆಗೊಮ್ಮೆ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ತೂಗಿದಳು. ರಜೆಯ ಐದು ದಿನವೂ ಇದೇ ಕೆಲಸ, ಆಟವಿಲ್ಲ, ಟೀವಿಯಿಲ್ಲ.

ಅದು ಮಗುವಿನ ಕೆಲಸವಲ್ಲವಂತೆ!

“ಯಾರೇ ಈ ಮಹಾನುಭಾವ?”

“ಮಾರ್ಕೆಟ್ ಹಿಂದೆ ತಕ್ಕಡಿ ರಿಪೇರಿ ಮಾಡ್ತಾರಲ್ಲ, ಅವರು. ಈ ಸಲ ಸ್ಕೂಲಿನೋರು ಅವರನ್ನ ಜಡ್ಜ್ ಅಂತ ಕರೆದಿದ್ರು.” ಸೂಜಿ ತಟ್ಟೆಯಲ್ಲಿನ ಊಟ ಮುಟ್ಟಿರಲಿಲ್ಲ. “ಹೋಗ್ಬೇಡ ಚಿಕ್ಕಮ್ಮಾ. ಬಿಟ್ಬಿಡು.”

“ಬಿಡೋದಾ? ನಾನಾ?”

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಂಗಡಿಗೆ ಬೀಗ ಹಾಕಿ, ಚಾರ್ಟು ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೆ.

ಆ ಅಂಗಡಿಯಲ್ಲಿ ಗೋಡೆತುಂಬ ತಕ್ಕಡಿಗಳು. ಒಂದರ ಮುಳ್ಳು ಎಡಕ್ಕೆ ವಾಲಿದೆ, ಇನ್ನೊಂದರದು ಬಲಕ್ಕೆ. ನಡುವೆ ನಲವತ್ತು ದಾಟಿದ ಒಬ್ಬ ಮನುಷ್ಯ ಚಿಮುಟದಲ್ಲಿ ಕಾಳಿನಷ್ಟು ಪುಟ್ಟ ತೂಕದ ಬಟ್ಟು ಹಿಡಿದು, ಉಸಿರು ಬಿಗಿಹಿಡಿದು, ಪುಟ್ಟ ತಟ್ಟೆಯ ಮೇಲಿಡುತ್ತಿದ್ದ.

“ನೀವೇನಾ ಜಡ್ಜು?”

“ಒಂದು ನಿಮಿಷ,” ಎಂದ, ತಲೆ ಎತ್ತದೆ.

ನನಗೆ ಮತ್ತಷ್ಟು ರೇಗಿತು. ಆದರೂ ಆ ಬೆರಳುಗಳನ್ನು ನೋಡುತ್ತ ನಿಂತೆ. ನೋಡಬಾರದಿತ್ತು. ಅಷ್ಟು ದಪ್ಪ ಬೆರಳುಗಳು ಅಷ್ಟು ಮೆಲ್ಲಗೆ ಕೆಲಸ ಮಾಡುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಮುಳ್ಳು ನಿಂತಿತು. ಅವರು ತಲೆ ಎತ್ತಿದರು. ನನ್ನನ್ನು ಕಂಡವರೇ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಹೇಳಿ.”

“ನಾನೇನ್ ಹೇಳೋದು, ನೀವು ಹೇಳಿ! ಮಗು ಐದು ದಿನ ಬಿಸಿಲಲ್ಲಿ ನಿಂತು ಕೆಲಸ ಮಾಡಿದೆ. ನಿನ್ನೆಯಿಂದ ತುತ್ತು ಮುಟ್ಟಿಲ್ಲ. ಎರಡು ಸಾಲು ಗೀಚಿ ಕಳ್ಳಿ ಮಾಡಿಬಿಟ್ರಲ್ಲ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

“ಚಾರ್ಟು ಬಿಡಿಸ್ತೀರಾ?” ಎಂದರು. ಬಿಡಿಸಿದೆ. ನನ್ನ ಮುತ್ತಿನಂಥ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ. ಸೂಜಿಯದು ಕಾಗೆ ಕಾಲು ಗುಬ್ಬಿ ಕಾಲು, ಅದಕ್ಕೆ ನೀಟಾಗಿ ನಕಲು ಮಾಡಿಕೊಟ್ಟಿದ್ದೆ. ಅಷ್ಟು ಸಹಾಯ ಯಾರು ಮಾಡುವುದಿಲ್ಲ?

“ಅಕ್ಷರಕ್ಕೆ ನನ್ನ ತಕರಾರಿಲ್ಲ,” ಎಂದರು. “ಐದು ಬಟ್ಟೆ, ಐದು ದಿನ, ಪ್ರತಿ ಅರ್ಧ ಗಂಟೆಗೆ ತೂಕ. ಒಂದು ಕಡೆನೂ ಎಡವಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮೇಡಂ, ಇಷ್ಟು ಸಭ್ಯವಾಗಿರೋ ತೂಕ ನೋಡಿಲ್ಲ. ಮಗು ತೂಗಿರಬಹುದು. ಆದ್ರೆ ಇದರಲ್ಲಿ ಯಾರೋ ಕತ್ತರಿ ಆಡಿಸಿದಾರೆ.”

ಕತ್ತರಿ ಎಂದದ್ದೇ ತಡ, ನೆನಪಾಯಿತು.

ಮೂರನೆಯ ದಿನದ ಉಣ್ಣೆ. ಮೊದಲು ನಲವತ್ತೆಂಟು ಗ್ರಾಂ ಇದ್ದದ್ದು ಅರ್ಧ ಗಂಟೆಯ ನಂತರ ಐವತ್ಮೂರು ಎಂದು ಮಗು ಬರೆದಿತ್ತು. ಒಣಹಾಕಿದ ಬಟ್ಟೆ ಎಲ್ಲಾದರೂ ಇನ್ನಷ್ಟು ಒದ್ದೆಯಾಗುತ್ತದೆಯೇ? ತಪ್ಪು ಬರೆದಿದ್ದಾಳೆಂದುಕೊಂಡು ನಲವತ್ನಾಲ್ಕು ಮಾಡಿದ್ದೆ. ಹೊಲಿಗೆ ಮುಗಿದ ಮೇಲೆ ಹೊರಗೆ ಇಣುಕುವ ದಾರವನ್ನು ಕಚಕ್ಕನೆ ಕತ್ತರಿಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಒಂದು ಕತ್ತರಿಸಿದ ಮೇಲೆ ಇನ್ನೂ ಮೂರು ಕಣ್ಣಿಗೆ ಬಿದ್ದಿದ್ದವು.

“ಅದನ್ನ ನನ್ನ ಹತ್ರ ಕೇಳಬೇಕಿತ್ತು,” ಎಂದೆ. ಸೋತ ಸಿಟ್ಟಿಗೆ ದನಿ ಜಾಸ್ತಿ. “ಮಗೂನ ಕೇಳಿ ಹೆದರಿಸೋದಲ್ಲ.”

“ಕೇಳ್ದೆ. ಅವಳು ಯಾರ ಹೆಸರೂ ಹೇಳಲಿಲ್ಲ.”

ಮನೆಗೆ ಬಂದಾಗ ಸೂಜಿ ಶಾಲೆಯಿಂದ ಆಗಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು.

“ಯಾಕೆ ಹೇಳಲಿಲ್ಲ?” ಎಂದೆ.

“ಅಲ್ಲಿ ಹೇಳಿದ್ರೆ ಎಲ್ಲರೂ ನಿನ್ನ ನೋಡಿ ನಗ್ತಿದ್ರು.” ಮೂಗು ಕೆಂಪಾಗಿತ್ತು. “ಆದ್ರೆ ನಿನಗೆ ಆವತ್ತೇ ಹೇಳಿದ್ದೆ ಚಿಕ್ಕಮ್ಮಾ. ಐವತ್ಮೂರು ಅಂತ ಹೇಳಿದ್ದೆ. ‘ಸುಮ್ನಿರೇ, ನಿನಗೇನು ಗೊತ್ತು’ ಅಂದೆ. ಎರಡು ಸಲ ತೂಗಿದ್ದೆ ನಾನು! ಯಾರೂ ನಂಬದಿದ್ರೆ ಪರವಾಗಿಲ್ಲ. ನೀನೂ ನಂಬಲಿಲ್ಲ.”

ಅವಳ ಸಿಟ್ಟಿನ ಮುಂದೆ ನನ್ನದು ಯಾವ ಲೆಕ್ಕ? ಅವಳನ್ನೂ ರಫ್ ನೋಟ್‌ಬುಕ್ಕನ್ನೂ ಎಳೆದುಕೊಂಡು ಮತ್ತೆ ಮಾರ್ಕೆಟ್ ಹಿಂದಿನ ಓಣಿಗೆ ನಡೆದೆ.

“ಕತ್ತರಿ ನನ್ನದು,” ಎಂದೆ ಹೊಸ್ತಿಲಲ್ಲೇ. “ಬೈಯೋದಿದ್ರೆ ನನಗೆ ಬೈಯಿರಿ. ಇದನ್ನ ಓದಿ.”

ಅವರು ಬೈಯಲಿಲ್ಲ. ಎಣ್ಣೆ ಕೈ ಒರೆಸಿಕೊಂಡು, ಸ್ಟೂಲು ಎಳೆದು ಸೂಜಿಯನ್ನು ಕೂರಿಸಿ, ಐವತ್ಮೂರರ ಮೇಲೆ ಬೆರಳಿಟ್ಟರು. “ಇದು ಹೇಗಾಯ್ತು ಪುಟ್ಟಾ?”

“ನನ್ನನ್ನ ನಂಬ್ತೀರಾ?”

“ಮೊದಲು ಕೇಳ್ತೀನಿ. ಆಮೇಲೆ ನೋಡೋಣ.”

“ಹಗ್ಗ ಸಡಿಲ ಆಗಿತ್ತು. ಉಣ್ಣೆ ಕ್ಲಿಪ್ ಸಮೇತ ಜಾರಿ ಜಾರಿ ಹೋಗಿ ಜೀನ್ಸಿಗೆ ಅಂಟಿಕೊಂಡಿತ್ತು. ಅದರ ನೀರು ಇದು ಕುಡಿದುಬಿಡ್ತು! ಆ ಅರ್ಧ ಗಂಟೇಲಿ ಜೀನ್ಸ್ ಎಂದಿಗಿಂತ ಜಾಸ್ತಿ ಹಗುರ ಆಗಿದೆ, ನೋಡಿ ಬೇಕಾದ್ರೆ.”

ನೋಡಿದೆವು. ಒಂದೇ ಪುಟದ ಮೇಲೆ ಮೂವರ ತಲೆ ಬಾಗಿತ್ತು. ಜೀನ್ಸಿನ ಅಂಕಿ ಅವಳು ಹೇಳಿದ ಹಾಗೆಯೇ ಇತ್ತು. ನಾನು ಅದನ್ನೂ ‘ಸರಿ’ ಮಾಡಿದ್ದೆ. ತಲೆ ಎತ್ತಿದಾಗ ಅವರ ಕಣ್ಣು ಪುಟದ ಮೇಲಿರಲಿಲ್ಲ, ನನ್ನ ಮೇಲಿತ್ತು. ಸಿಕ್ಕಿಬಿದ್ದವರಂತೆ ತಟ್ಟನೆ ತಕ್ಕಡಿಯ ಕಡೆ ತಿರುಗಿದರು. ಕಿವಿಯ ಅಂಚು ಮಾತ್ರ ಕೆಂಪಗಾಗಿತ್ತು.

“ಈ ಪುಟಗಳನ್ನೇ ಅಂಟಿಸಿ,” ಎಂದರು ತಕ್ಕಡಿಗೆ. “ಸ್ಕೂಲಿಗೆ ನಾನು ಹೇಳ್ತೀನಿ.”

“ಬೇಡ, ಹಾಳು ಮಾಡಿದೋಳು ನಾನು, ನಾನೇ ಹೇಳ್ತೀನಿ.”

ಶನಿವಾರ ಬೆಳಿಗ್ಗೆ ಹೆಡ್‌ಮಿಸ್ ಮುಂದೆ ನಿಂತು ಹೇಳಿದೆ. ಪಕ್ಕದಲ್ಲಿದ್ದ ಇಬ್ಬರು ತಾಯಂದಿರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಇಟ್ಟುಕೊಳ್ಳಲಿ. ಹೆಡ್‌ಮಿಸ್ ನೋಟ್‌ಬುಕ್ಕಿನ ಹಾಳೆಗಳನ್ನು ತಿರುವಿ, ನನ್ನನ್ನೊಮ್ಮೆ ನೋಡಿ, ಬಾಗಿಲ ಪಕ್ಕದ ಮೇಜು ಕೊಟ್ಟರು.

ಬಹುಮಾನ ಜ್ವಾಲಾಮುಖಿಗೆ ಹೋಯಿತು. ಆದರೆ ಕಾಗೆ ಕಾಲು ಗುಬ್ಬಿ ಕಾಲಿನ ಆ ಚಾರ್ಟಿನ ಮುಂದೆ ಜನ ನಿಲ್ಲುತ್ತಲೇ ಇದ್ದರು. ಬಂದವರಿಗೆಲ್ಲ ಸೂಜಿ ಕೈ ಬೀಸಿ ಹೇಳುತ್ತಿದ್ದಳು. “ಇದು ತಪ್ಪು ಅಂತ ನಮ್ಮ ಚಿಕ್ಕಮ್ಮನೂ ಅಂದ್ಕೊಂಡಿದ್ರು. ಈಗ ಒಪ್ಕೊಂಡಿದಾರೆ.” ಹೇಳುವಾಗಲೆಲ್ಲ ನನ್ನ ಸೆರಗು ಅವಳ ಮುಷ್ಟಿಯಲ್ಲಿತ್ತು.

ತಕ್ಕಡಿಯವರು ನಾಲ್ಕನೆಯ ಸಲ ನಮ್ಮ ಮೇಜಿನ ಮುಂದೆ ಹಾದುಹೋದರು.

“ಇನ್ನೂ ಏನಾದ್ರೂ ತಪ್ಪು ಸಿಕ್ತಾ?” ಎಂದೆ.

“ಇಲ್ಲ. ನಿಮಗೆ ನೆನಪಿಲ್ಲ ಅಲ್ವಾ? ಎರಡು ವರ್ಷದ ಹಿಂದೆ ನನ್ನ ಶರ್ಟಿನ ಸವೆದ ಕಾಲರ್ ತಿರುಗಿಸಿ ಹೊಲಿದುಕೊಟ್ಟಿದ್ರಿ. ‘ಇನ್ನೊಂದು ಐದು ವರ್ಷ ಬರತ್ತೆ, ಹೊಸದು ಯಾಕೆ’ ಅಂತ ಗದರಿಸಿದ್ರಿ. ಅವತ್ತಿಂದ ಮನೆಗೆ ಹೋಗೋವಾಗ ನಿಮ್ಮ ಅಂಗಡಿ ಮುಂದೇನೇ ಹೋಗೋದು. ದಾರಿ ಸ್ವಲ್ಪ ಸುತ್ತು.”

ನೆಟ್ಟಗಿದ್ದ ಚಾರ್ಟನ್ನೇ ಮತ್ತೊಮ್ಮೆ ನೆಟ್ಟಗೆ ಮಾಡಿದೆ. ಹಿಂದೆಯೇ ಸಿಟ್ಟು ಉಕ್ಕಿ ಬಂತು.

“ಎರಡು ವರ್ಷ! ಎರಡು ವರ್ಷ ಸುಮ್ನೆ ನಡೆದು ಹೋದ್ರಾ? ಮಗೂಗೆ ಚೀಟಿ ಬರೆಯೋಕೆ ಧೈರ್ಯ ಇತ್ತು, ನನಗೊಂದು ಬರೆಯೋಕೆ ಇರಲಿಲ್ವಾ?”

“ಏನಂತ ಬರೀಲಿ ಅಂತ...”

“ನನ್ನ ವಯಸ್ಸೆಷ್ಟು ಗೊತ್ತಾ? ನಲವತ್ತೊಂದು. ಎರಡು ವರ್ಷ ಬಿಸಾಕೋಕೆ ಇಲ್ಲಿ ಯಾರ ಹತ್ರ ಇದೆ?”

ಪಕ್ಕದ ಮೇಜಿನ ಹುಡುಗಿಯರು ತಿರುಗಿ ನೋಡಿದರು. ಸೂಜಿ ಚಾರ್ಟನ್ನು ಬಿಟ್ಟು ನಮ್ಮಿಬ್ಬರನ್ನೂ ಒಂದೇ ಸಮನೆ ನೋಡುತ್ತಿದ್ದಳು. ಅವರು ತಲೆ ತಗ್ಗಿಸಿ ನಿಂತಿದ್ದರು, ಆದರೆ ತುಟಿಯಂಚಿನ ನಗು ಅಡಗಿರಲಿಲ್ಲ.

“ತಪ್ಪಾಯ್ತು,” ಎಂದರು ಮೆಲ್ಲಗೆ. “ಈಗ ಕೇಳಲಾ?”

“ಈ ಗಲಾಟೆ ಮಧ್ಯೆನಾ? ನಾಳೆ ಭಾನುವಾರ. ಹನ್ನೊಂದಕ್ಕೆ ಮನೆಗೆ ಬನ್ನಿ. ಸುತ್ತುದಾರಿ ಹಿಡೀಬೇಡಿ, ನೆಟ್ಟಗೆ ಬನ್ನಿ.”

ನನ್ನ ದನಿ ಇನ್ನೂ ಸಿಟ್ಟಿನಲ್ಲೇ ಇತ್ತು. ಅವರು ಮಾತ್ರ, ಉಸಿರು ಬಿಗಿಹಿಡಿದವರು ಆಗಷ್ಟೇ ಬಿಟ್ಟ ಹಾಗೆ, ತಲೆ ಎತ್ತಿ ನನ್ನನ್ನೇ ನೋಡಿದರು. ಈ ಸಲ ಕಣ್ಣು ತಿರುಗಿಸಲಿಲ್ಲ. ನಾನೂ.