ಎರಡು ಠಾಣೆಗಳ ನಡುವಿನ ಸೇತುವೆ

2024ರ ಡಿಸೆಂಬರ್ 9, ಬೆಳಿಗ್ಗೆ ಹತ್ತೂವರೆ. ಹುಮನಾಬಾದ್ ತಾಲ್ಲೂಕಿನ ಅಂಚಿನಲ್ಲಿರುವ ನಾಗರವಾಡಿ ಠಾಣೆಗೆ ಗಿರಿಜಾಬಾಯಿ ಎಂಬ ಕೂಲಿ ಹೆಂಗಸು ಒಂದು ಅರ್ಜಿ ತಂದಳು. ಅರ್ಜಿ ಬರೆಯುವವನು ತುರುಕಿದ್ದ ಮಾನ್ಯರು, ವಿಧೇಯರನ್ನೆಲ್ಲ ತೆಗೆದರೆ ಉಳಿಯುತ್ತಿದ್ದುದು ಒಂದೇ ಮಾತು: ಹದಿಮೂರು ವರ್ಷದ ಹಿಂದೆ ತನ್ನ ಮಗಳನ್ನು ಕೊಂದ ಮೈದುನ ಅಜೀತ ಊರಿಗೆ ಮರಳಿದ್ದಾನೆ, ಅವನನ್ನು ಹಿಡಿಯಬೇಕು.

ಅರ್ಜಿ ತೆಗೆದುಕೊಂಡವನು ಎಎಸ್‌ಐ ಬಸವಣಪ್ಪ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಮಗುವಿನ ಹೆಸರು ಸುಮೇಧಾ ಎಂದು ಓದಿದ ಕೂಡಲೇ ಅವನು ಅರ್ಜಿಯನ್ನು ಮಡಚಿಟ್ಟ.

“ಅಂವ ಈಗ್ಯಾಕ ಬಂದಾನ?”

“ಅತ್ತಿ ಸತ್ತಾಳ್ರಿ. ಮಣ್ಣಿಗೆ ಬಂದಿದ್ದ. ನನ್ನ ಕೂಸಿನ ಕುತ್ತಿಗಿ ಒತ್ತಿದ ಕೈಲೆ ಮಣ್ಣು ಹಾಕ್ತೀಯೇನು ಅಂದೆ. ಮಂದಿ ಅಂವನ್ನ ಹೊಡದು ಹೊರಗ ದಬ್ಬಿದರು.”

ಪಿಎಸ್‌ಐ ವಿಜಯಶ್ರೀ ಹಳೆಯ ಫೈಲು ತರಿಸಿದಳು. ವರ್ಷದ ಹಿಂದಷ್ಟೇ ಬಂದವಳು. ಇನ್ನೂ ಫೈಲುಗಳನ್ನು ಪೂರ್ತಿ ಓದುವ ಚಟ ಬಿಟ್ಟಿರಲಿಲ್ಲ. ಸುಮೇಧಾ, ಏಳು ವರ್ಷ, ಎರಡನೇ ತರಗತಿ. 2011ರ ನವೆಂಬರ್ 21ರ ಸಂಜೆ ಶಾಲೆ ಬಿಟ್ಟವಳು ಮನೆ ಸೇರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಹೆಣ ಅಜೀತ ಪಾಲಿಗೆ ಮಾಡಿದ್ದ ಕಬ್ಬಿನ ಹೊಲದಲ್ಲಿ ಸಿಕ್ಕಿತು. ಪಾಟಿಚೀಲ ಸಿಗಲಿಲ್ಲ. ಅಜೀತನನ್ನು ಹನ್ನೊಂದು ದಿನ ‘ವಿಚಾರಣೆ’ ಮಾಡಲಾಯಿತು. ಫೈಲು ಯಾವತ್ತೂ ಮರ್ಯಾದಸ್ಥರ ಭಾಷೆಯನ್ನೇ ಆಡುತ್ತದೆ. ಸಾಕ್ಷ್ಯ ಸಾಲದೆ 2013ರಲ್ಲಿ ಪತ್ತೆಯಾಗದ ಪ್ರಕರಣವೆಂದು ‘ಸಿ’ ವರದಿ ಹೋಯಿತು. ಕಾನೂನು ಅಜೀತನನ್ನು ಬಿಟ್ಟಿತು, ಮನೆ ಬಿಡಲಿಲ್ಲ. ಅವನು ಪುಣೆಯ ಕಡೆ ಹೋದ. ಮಗುವಿನ ತಂದೆ ಕುಡಿದು ಕುಡಿದು ಸತ್ತ. ಇತ್ತ ಮಗ, ಅತ್ತ ಮೊಮ್ಮಗಳು ಎಂದು ಅಜ್ಜಿ ಯಾರ ಪರವೂ ಅಳಲಾರದೆ ಉಳಿದಳು.

ಮರುದಿನ ಅಜೀತ ತಾನಾಗಿಯೇ ಠಾಣೆಗೆ ಬಂದ. ನಲವತ್ತರ ಆಸುಪಾಸು, ಅರವತ್ತರ ಮುಖ. ಹೇಳಿಕೆ ಬರೆದುಕೊಳ್ಳಲು ಕೂತವನು ಬಸವಣಪ್ಪನೇ.

“ಸಹಿ ಮಾಡು.”

“ಹೆಬ್ಬೆಟ್ಟು ಒತ್ತತೀನ್ರಿ. ಬಳ್ಳು ಮಡಚಂಗಿಲ್ಲ.” ಅವನು ಸೆಟೆದ ಬೆರಳುಗಳನ್ನು ತೋರಿಸಿದ.

“ಯಾಕ?”

“ಆ ಹನ್ನೊಂದು ದಿನದಿಂದ ಹಿಂಗ ಅದಾವ್ರಿ.” ಅವನು ನಕ್ಕಂತೆ ಮಾಡಿದ. “ಯಾರ ತಪ್ಪೂ ಇಲ್ಲ ಸಾಹೇಬ್ರ. ಕೂಸು ನನ್ನ ಕಬ್ಬಿನ್ಯಾಗ ಸಿಕ್ಕಿತ್ತಲ್ಲ. ನಾನ ಪೊಲೀಸ ಇದ್ದರ ನಾನೂ ನನ್ನನ್ನ ಹಿಡೀತಿದ್ದೆ.”

ಬಸವಣಪ್ಪ ಇಂಕಿನ ಪ್ಯಾಡು ಮುಂದೆ ಸರಿಸಿದ. ಸೋಗಲಾಡಿತನಕ್ಕೂ ಒಂದು ಮಿತಿ ಇರಬೇಕು ಎಂದು ತನ್ನನ್ನೇ ಬೈದುಕೊಂಡ.

ಡಿಸೆಂಬರ್ 11ರ ಬೆಳಿಗ್ಗೆ ವಿಜಯಶ್ರೀ ಅವನನ್ನು ಕರೆದಳು. ಮೇಜಿನ ಮೇಲೆ ಪಂಚನಾಮೆಯ ಫೋಟೊಗಳಿದ್ದವು. ಮಗುವಿನ ಕೂದಲಿನತ್ತ ಬೆರಳು ತೋರಿಸಿದಳು.

“ಇದೇನು ಹೇಳ್ರಿ.”

“ಹೂವಿನ ಎಸಳು, ಮೇಡಂ.”

“ತೊಗರಿ ಹೂ. ನಮ್ಮ ಅಪ್ಪನೂ ತೊಗರಿ ಬಿತ್ತತಾನ. ಕಬ್ಬಿನ್ಯಾಗ ಬಿದ್ದ ಕೂಸಿಗೆ ತೊಗರಿ ಹೂ ಹ್ಯಾಂಗ ಹತ್ತತಾವ? ಪಂಚನಾಮೆ ಪ್ರಕಾರ ಸುತ್ತ ಬರೇ ಕಬ್ಬು. ಆ ವರ್ಷದ ಪಹಣಿ ನೋಡಿದೆ, ತೊಗರಿ ಇದ್ದದ್ದು ಸೇತುವೆ ಆಚೆ, ನಿಮ್ಮ ಹಳೇ ಠಾಣೆ ಸರಹದ್ದಿನ್ಯಾಗ. ನೀವು ಆವಾಗ ಅಲ್ಲೇ ಇದ್ದಿರಲ್ಲ?”

ಇದ್ದ. ಬಸವಕಲ್ಯಾಣ ಕಡೆಯ ಹೊಸವಾಡಿ ಠಾಣೆಯಲ್ಲಿ ಕಾನ್‌ಸ್ಟೆಬಲ್ ಆಗಿದ್ದ. ಅವನ ಹೆಸರು ಈ ಫೈಲಿನ ಯಾವ ಮೂಲೆಯಲ್ಲೂ ಇರಲಿಲ್ಲ. ಅಂದು ಜೊತೆಗಿದ್ದ ಸಬ್ ಇನ್ಸ್‌ಪೆಕ್ಟರ್ ಸತ್ತು ಆರು ವರ್ಷವಾಗಿತ್ತು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು: ಎಂಟು ತಿಂಗಳು, ಒಂದು ಹಾರ, ಪಿಂಚಣಿ. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಆದರೆ ಮಡಚದ ಆ ಬೆರಳುಗಳು ಕಣ್ಣಿಗೆ ಕಟ್ಟಿದ್ದವು.

“ಕೂಸು ಅಲ್ಲಿ ಇರಲಿಲ್ಲ ಮೇಡಂ,” ಎಂದ. “ನಾವು ಒಯ್ದು ಇಟ್ಟಿವಿ.”

ವಿಜಯಶ್ರೀ ಎದ್ದು ಬಾಗಿಲು ಮುಚ್ಚಿದಳು. ಅವನು ಮುಂದುವರಿಸಿದ. ಆ ನವೆಂಬರ್ 22ರ ನಸುಕಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಸಾಹೇಬರೂ ಅವನೂ ಒಂದು ಕಳುವಿನ ವಿಚಾರಣೆಗೆ ಹೊರಟಿದ್ದರು. ಅಬ್ದುಲ್ ಕರೀಂ ಎಂಬ ರೈತನ ಬಾವಿಯ ಮೋಟಾರು ಎರಡು ದಿನದ ಹಿಂದೆ ಕಳುವಾಗಿತ್ತು. ಹಾದಿಯಲ್ಲಿ, ಒಂದು ಪಂಪ್‌ಹೌಸಿನ ಹಿಂದಿನ ತೊಗರಿಯಲ್ಲಿ ಮಗು ಬಿದ್ದಿತ್ತು. ಆ ವರ್ಷ ಹೊಸವಾಡಿಯಲ್ಲಿ ಎರಡು ಕೊಲೆಗಳು ಪತ್ತೆಯಾಗದೆ ಮೇಲಿನವರಿಂದ ಉಗಿಸಿಕೊಂಡಾಗಿತ್ತು. ಮೂರನೆಯದು ಬೇಡ, ಸೇತುವೆ ದಾಟಿಸಿದರೆ ಅದು ನಾಗರವಾಡಿಯವರ ತಲೆನೋವು ಎಂದರು ಸಾಹೇಬರು. ಮುನ್ನೂರು ಹೆಜ್ಜೆ. ಮಂಜು ಕವಿದಿತ್ತು, ಯಾರೂ ನೋಡಲಿಲ್ಲ. ಇಟ್ಟ ಹೊಲ ಯಾರದು ಎಂದು ಇವರೂ ಕೇಳಲಿಲ್ಲ.

“ಪಂಪ್‌ಹೌಸ್ ಯಾರದು?”

“ಸತೀಶಕುಮಾರ ಅವರದು.”

ವಿಜಯಶ್ರೀ ಪಂಚನಾಮೆಯ ಕೊನೆಯ ಹಾಳೆ ತಿರುಗಿಸಿದಳು. ಮೊದಲ ಪಂಚನ ಸಹಿ ಸತೀಶಕುಮಾರನದೇ. ಕಬ್ಬಿನ ಹೊಲದಲ್ಲಿ ನಿಂತು, ಹೆಣ ಇದ್ದಲ್ಲೇ ಇತ್ತು ಎಂದು ಒಪ್ಪಿ, ದುಂಡಗೆ ಸಹಿ ಹಾಕಿದ್ದ. ಪಂಚರಾಗಿ ಎಂದರೆ ಜನ ಎದ್ದು ಓಡುವ ಕಾಲದಲ್ಲಿ ಆ ದೊಡ್ಡ ಮನುಷ್ಯ ಕರೆಯದೆಯೇ ಬಂದಿದ್ದ ಎಂದು ಆಗಿನ ತನಿಖಾಧಿಕಾರಿ ಮೆಚ್ಚಿ ಬರೆದಿದ್ದ.

“ನಿಮ್ಮ ಹೇಳಿಕೆ ಬರೀಬೇಕಾಗ್ತದ, ಬಸವಣಪ್ಪನವರ. ಇಬ್ಬರಿಗೂ ಗೊತ್ತದ ಅದರ ಅರ್ಥ ಏನಂತ.”

“ಬರೀರಿ, ಮೇಡಂ.”

ಅಂದು ಸಿಗದ ಪಾಟಿಚೀಲ ಹುಡುಕಲು, ನ್ಯಾಯಾಲಯದ ಅನುಮತಿ ಪಡೆದು ಡಿಸೆಂಬರ್ 13ರ ಬೆಳಿಗ್ಗೆ ಹತ್ತಕ್ಕೆ ಪಂಪ್‌ಹೌಸಿನ ನೆಲ ಅಗೆಸಿದರು. ಹೊಸ ಪಂಚರಿದ್ದರು. ಸತೀಶಕುಮಾರನೂ ಬಂದ. ಬಿಳಿ ಅಂಗಿ, ಬಿಳಿ ಧೋತರ. ಊರಿನ ಜಗಳಗಳಿಗೆ ತೀರ್ಪು ಹೇಳುವವ, ವಾರದ ಭಜನೆಗೆ ಮೊದಲು ಕೂರುವವ. ಬಾಗಿಲಿನ ಬಲಕ್ಕೆ ಮೂರು ಅಡಿ ಅಗೆದಾಗ ಸಲಿಕೆಗೆ ಕಬ್ಬಿಣ ತಾಗಿತು. ತುಕ್ಕು ಹಿಡಿದ ಮೋಟಾರು. ಉಜ್ಜಿದರೆ ಮೈಮೇಲೆ ಉಳಿಯಿಂದ ಕೊರೆದ ಅಕ್ಷರ ಕಂಡವು: ಕರೀಂ. ಅದರ ಕೆಳಗೆ ಪ್ಲಾಸ್ಟಿಕ್ಕಿನ ಪಾಟಿಚೀಲ.

ಅಕ್ಷರ ಕಾಣುತ್ತಲೇ ಸತೀಶಕುಮಾರ ಕಟ್ಟೆಯ ಮೇಲೆ ಹೋಗಿ ಕೂತ. ಬಂಧನದ ಸಮಯ ಮಧ್ಯಾಹ್ನ 12.20 ಎಂದು ದಾಖಲಾಯಿತು.

ಠಾಣೆಯಲ್ಲಿ ಅವನು ಹೆಚ್ಚು ಸತಾಯಿಸಲಿಲ್ಲ.

“ಮೋಟಾರು ಯಾಕ ಕದ್ದಿರಿ? ನಿಮಗೇನು ಕಡಿಮಿ ಇತ್ತು?”

“ಏನೂ ಇರಲಿಲ್ರಿ. ನಂದು ಸುಟ್ಟಿತ್ತು. ಪಂಪ್‌ಹೌಸ್ ಮುಂದಿನ ಕಬ್ಬು ಬಾಡಾಕತ್ತಿತ್ತು. ಎರಡು ದಿನ ನೀರು ಹಾಯಿಸಿ ತಿರಗಾ ಇಟ್ಟುಬಿಡೂಣು ಅಂತ ಮಾಡಿದ್ದೆ.”

“ಕೇಳಿದ್ರ ಕರೀಂ ಕೊಡತಿರಲಿಲ್ಲೇನು?”

“ಕೊಡತಿದ್ದ. ಕೇಳಾಕ ಮನಸ್ಸು ಒಪ್ಪಲಿಲ್ಲ.”

“ಕೂಸು?”

“ಸಾಲಿ ಬಿಟ್ಟು ಹೊಂಟಿತ್ತು. ನೀರು ಕುಡೀಲಾಕ ಬಂತು. ಹೊಸದಾಗಿ ಓದು ಕಲ್ತಿತ್ತಲ್ಲ, ಮೋಟಾರ ಮ್ಯಾಲಿನ ಅಕ್ಷರದ ಮ್ಯಾಲೆ ಬಳ್ಳು ಇಟ್ಟು ಓದ್ತು. ಕಾಕಾ, ಇದು ಕರೀಂ ಕಾಕಾಂದು ಅಂತು. ಹೇಳಬ್ಯಾಡ ಅಂದೆ. ಯಾಕ ಅಂತು.” ಅವನು ನೆಲ ನೋಡುತ್ತ ಹೇಳಿದ. “ಊರಾಗ ಕಳ್ಳ ಅನಸಿಕೊಂಡು ಹ್ಯಾಂಗ ಬದುಕಲಿ ಅನ್ನಿಸ್ತರಿ.”

“ಮರುದಿನ ಹೆಣ ಸೇತುವೆ ಈಚೆ ಕಬ್ಬಿನ್ಯಾಗ ಸಿಕ್ಕಾಗ?”

“ರಾತ್ರಿ ಮೋಟಾರು, ಚೀಲ ಹೂತಿದ್ದೆ, ತೊಗರ್ಯಾಗ ಬಿಟ್ಟ ಕೂಸಿನ್ನ ಮತ್ತ ಮುಟ್ಟಾಕ ಆಗಿರಲಿಲ್ಲ. ದೇವರು ಉಳಿಸಿದ ಅಂದ್ಕೊಂಡೆ.”

ಆ ದೇವರು ಯಾರೆಂದು ಗೋಡೆಗೆ ಒರಗಿ ನಿಂತಿದ್ದ ಬಸವಣಪ್ಪನಿಗೆ ಗೊತ್ತಿತ್ತು. ಕಳ್ಳನೆನ್ನಿಸಿಕೊಳ್ಳಬಾರದೆಂದು ಒಬ್ಬ ಕೊಂದಿದ್ದ. ದಡ್ಡ ಠಾಣೆ ಎನ್ನಿಸಿಕೊಳ್ಳಬಾರದೆಂದು ಇವರು ಅವನನ್ನು ಕಾಪಾಡಿದ್ದರು. ಎಲ್ಲರೂ ಉಳಿಸಿಕೊಂಡದ್ದು ಮಾನ. ಸಂಜೆ ಅವನ ಅಮಾನತಿನ ಆದೇಶ ಬಂತು. ಓದದೆಯೇ ಸಹಿ ಹಾಕಿ ಪಡೆದುಕೊಂಡ.

ಮರುದಿನ ಗಿರಿಜಾಬಾಯಿಯನ್ನೂ ಅಜೀತನನ್ನೂ ಕರೆಸಿದರು. ಬಸವಣಪ್ಪ ಸಮವಸ್ತ್ರವಿಲ್ಲದೆ ಬಂದಿದ್ದ. ನಾನೇ ಹೇಳುತ್ತೇನೆ ಎಂದು ಮೇಡಂ ಬಳಿ ಕೇಳಿಕೊಂಡಿದ್ದ. ಜಗಲಿಯಲ್ಲಿ ನಿಂತು ಒಂದನ್ನೂ ಬಿಡದೆ ಹೇಳಿದ. ಗಿರಿಜಾಬಾಯಿ ಮೈದುನನ ಕಡೆ ತಿರುಗಿ ಕೈ ಮುಗಿದಳು, ಆದರೆ ಮುಖ ಎತ್ತಲಾಗಲಿಲ್ಲ.

“ನಿನ್ನ ಅವ್ವನ ಮಣ್ಣಿಗೂ ಬಿಡಲಿಲ್ಲಲ್ಲೋ ನಾ,” ಎಂದಳು.

“ಇರಲಿ ವೈನಿ. ಕೂಡ್ರಿ, ಚಹಾ ತರತೀನಿ,” ಎಂದು ಅಜೀತ ಹೊರಗೆ ಹೋದ. ಅವನಿಗೆ ಅಳುವುದಕ್ಕೆ ಜಾಗ ಬೇಕಾಗಿತ್ತು.

ಗಿರಿಜಾಬಾಯಿ ಬಸವಣಪ್ಪನನ್ನು ದಿಟ್ಟಿಸಿದಳು. ಬೈಗುಳಕ್ಕೆ, ಶಾಪಕ್ಕೆ ಅವನು ಸಿದ್ಧನಾಗಿದ್ದ. ಬೈದಿದ್ದರೆ ಹಗುರಾಗುತ್ತಿತ್ತು ಕೂಡ.

“ಒಂದು ಕೇಳ್ತೀನಿ, ಖರೇ ಹೇಳ್ರಿ ಸಾಹೇಬ್ರ,” ಎಂದಳು. “ಆಕಿನ್ನ ಅಷ್ಟು ದೂರ ಹ್ಯಾಂಗ ಒಯ್ದಿರಿ? ಎದಿಗಿ ಹಚ್ಚಿಕೊಂಡೇನು?”

ಹೌದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಆ ಒಂದು ಮಾತು ಹಿಡಿದುಕೊಂಡು ಉಳಿದ ಆಯುಷ್ಯ ಕಳೆಯುತ್ತಿದ್ದಳೋ ಏನೋ. ಆದರೆ ಈ ಮನೆಗೆ ಅವನು ಒಮ್ಮೆ ಸುಳ್ಳು ಹೇಳಿಯಾಗಿತ್ತು.

“ಇಲ್ಲ ತಾಯಿ,” ಎಂದ ಬಸವಣಪ್ಪ. “ಸಾಹೇಬರು ಕೈ ಹಿಡದಿದ್ದರು. ನಾ ಕಾಲು ಹಿಡದಿದ್ದೆ.”